ಪ್ರಳಯಕ್ಕೊಂದು ತೋಟದ ಮನೆ

ಪ್ರಳಯವಾದರೆ ಸೀದಾ ನಮ್ಮ ಮನೆಗೇ ಬರುವುದಾಗಿ ಮಾತು ಕೊಟ್ಟವರ ಪಟ್ಟಿ ಈಗಾಗಲೇ ಸಾಕಷ್ಟು ಉದ್ದವಿದೆ. ಜಯನಗರದಿಂದ ಒಂದು ಸಂಸಾರ, ಹಾಸನದಿಂದ ಎರಡು, ಮೈಸೂರಿನಿಂದ ನನ್ನ ಹೆಂಡತಿಯ ತಂಗಿಯ ಅತ್ತೆಮನೆಯವರು, ಜೊತೆಗೆ ಯಾವುದೋ ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತಿದ್ದ ಒಬ್ಬ ನಿವೃತ್ತ ಇಂಜಿನಿಯರು. ಎಲ್ಲರೂ ಮೊದಲು, "ನಿಮಗೇನು ಬಿಡಿ, ನೀರಿದೆ, ಗಾಳಿ ಇದೆ, ಮನೆ ಅಕ್ಕಿ ಇದೆ" ಎಂದು ನಿಟ್ಟುಸಿರು ಬಿಡುತ್ತಾರೆ. ಆಮೇಲೆ ದನಿ ತಗ್ಗಿಸಿ, "ಹಾಗೇನಾದ್ರೂ ಆದ್ರೆ ನಾವೂ ಬಂದುಬಿಡ್ತೀವಿ" ಎನ್ನುತ್ತಾರೆ. ಬೇಡ ಎನ್ನಲು ಬಾಯಿ ಬರುತ್ತದೆಯೇ? ಬನ್ನಿ ಬನ್ನಿ ಎಂದಿದ್ದೇನೆ. ಮಳೆಗಾಲದಲ್ಲಾದರೆ ಕಂಬಳಿ ನೀವೇ ತನ್ನಿ ಎಂದಷ್ಟೇ ಸೇರಿಸಿದ್ದೇನೆ.

ನಮ್ಮದು ಸಕಲೇಶಪುರ ಮುಗಿದು ಆಲೂರು ಶುರುವಾಗುವ ಕಡೆಯ ಗುಡ್ಡ. ಮಳೆಗಾಲದಲ್ಲಿ ನಾವು ಸಕಲೇಶಪುರದವರು, ಬೇಸಿಗೆಯಲ್ಲಿ ಆಲೂರಿನವರು. ಒಂದಿಷ್ಟು ಕಾಫಿ, ಅದಕ್ಕೆ ನೆರಳಾಗಿ ಸಿಲ್ವರ್ ಮರ, ಮರಕ್ಕೆ ಹಬ್ಬಿದ ಮೆಣಸು, ಕೆಳಗೆ ಎರಡು ಗದ್ದೆ, ಮೇಲೆ ಹೆಂಚಿನ ಮನೆ. ಕಾವಲಿಗೊಂದು ನಾಯಿ ಇದೆ. ಅದು ಅಪರಿಚಿತರನ್ನು ಕಂಡರೆ ಬಾಲ ಅಲ್ಲಾಡಿಸುತ್ತದೆ, ನನ್ನನ್ನು ಕಂಡರೆ ಬೊಗಳುತ್ತದೆ. ಹಗಲು ನಾನು ಟೋಪಿ ಹಾಕಿಕೊಂಡು ಓಡಾಡುವುದು ಅದಕ್ಕೆ ಸರಿಹೋಗುವುದಿಲ್ಲ ಎಂದು ನನ್ನ ಊಹೆ.

ಪಟ್ಟಿಯಲ್ಲಿರುವವರೆಲ್ಲ ಬಾಯಿಮಾತಿನವರು. ನನ್ನ ಅಕ್ಕನ ಮಗ ಮಾತ್ರ ಅಳತೆ ಟೇಪು ಹಿಡಿದೇ ಬಂದ. ಬೆಂಗಳೂರಿನ ಕಂಪನಿಯೊಂದರಲ್ಲಿ ಕಂಪ್ಯೂಟರುಗಳೊಳಗೆ ಕಳ್ಳರು ನುಗ್ಗದಂತೆ ನೋಡಿಕೊಳ್ಳುವುದು ಅವನ ಉದ್ಯೋಗ. ಕಣ್ಣಿಗೆ ಕಾಣದ ಕಳ್ಳರನ್ನು ವರ್ಷಗಟ್ಟಲೆ ಕಾದವನಿಗೆ ಕಾಣುವ ಕಳ್ಳರ ಮೇಲೂ ಗುಮಾನಿ ಹುಟ್ಟಿತೋ ಏನೋ. ಸರ್ಕಾರ, ಕರೆಂಟು, ಬ್ಯಾಂಕು ಎಲ್ಲ ಒಂದೇ ದಿನ ನಿಂತುಹೋದರೆ ಏನು ಗತಿ ಎಂದು ಕಾಡಿನಲ್ಲಿ ಮನೆ ಮಾಡಿ, ವರ್ಷಗಳ ದಿನಸಿ ಕೂಡಿಟ್ಟು, ಬಂದೂಕು ಹಿಡಿದು ಕೂರುವ ಅಮೆರಿಕನ್ನರ ಪುಸ್ತಕಗಳನ್ನೆಲ್ಲ ಓದಿದ್ದಾನೆ. ಜಗಲಿಯಲ್ಲಿ ಕಾಫಿ ಕುಡಿಯುತ್ತ ತೀರ್ಪು ಕೊಟ್ಟ.

"ಮಾವ, ಈ ಮನೆ ಡಿಫೆಂಡ್ ಮಾಡಕ್ಕಾಗಲ್ಲ. ಎಂಟು ಕಡೆಯಿಂದ ಒಳಗೆ ಬರಬಹುದು."

"ಎಂಟೇ? ಕೋತಿಗಳಿಗೆ ಹನ್ನೆರಡು ದಾರಿ ಇದೆ ಅಂತಾರಲ್ಲ ನಿಮ್ಮತ್ತೆ" ಎಂದೆ.

ಅವನು ನಗಲಿಲ್ಲ. ಹನ್ನೆರಡು ಎಂದು ಬರೆದುಕೊಂಡ.

ಅವನನ್ನು ಹಗುರವಾಗಿ ನೋಡುವಂತೆಯೂ ಇಲ್ಲ. ಸ್ವಿಟ್ಜರ್ಲೆಂಡಿನಂಥ ಅಚ್ಚುಕಟ್ಟಾದ ದೇಶದಲ್ಲಿ 1963ರಿಂದಲೂ ಕಾನೂನೇ ಇದೆ: ಅಣುಬಾಂಬು ಬಿದ್ದರೆ ಜನ ಅಡಗಿಕೊಳ್ಳಲು ನೆಲಮಾಳಿಗೆ ಇರಬೇಕು. ನಮ್ಮಲ್ಲಿ ಆ ಜವಾಬ್ದಾರಿಯನ್ನು ಟೀವಿಯವರು ವಹಿಸಿಕೊಂಡಿದ್ದಾರೆ. 2012ರ ಡಿಸೆಂಬರಿನಲ್ಲಿ ಮಾಯಾ ಜನರ ಪಂಚಾಂಗ ಮುಗಿಯಿತು ಎಂದು ಅವರು ಎಬ್ಬಿಸಿದ ಗದ್ದಲ ನೆನಪಿರಬೇಕಲ್ಲ? ನಮ್ಮ ಪಕ್ಕದ ತೋಟದ ಅಣ್ಣಯ್ಯ ಆ ಸಲ ಕಾಫಿ ಗಿಡಕ್ಕೆ ಗೊಬ್ಬರ ಹಾಕಿಸಲಿಲ್ಲ. ಲೋಕವೇ ಇಲ್ಲದ ಮೇಲೆ ಗೊಬ್ಬರ ಯಾಕೆ ಎಂಬ ತರ್ಕ. ಲೋಕ ಉಳಿಯಿತು, ಫಸಲು ಉಳಿಯಲಿಲ್ಲ.

ಅಳಿಯನಿಗೆ ಸ್ವಲ್ಪ ಇತಿಹಾಸ ತೋರಿಸೋಣವೆಂದು ಮಂಜರಾಬಾದ್ ಕೋಟೆಗೆ ಕರೆದುಕೊಂಡು ಹೋದೆ. ಸಕಲೇಶಪುರದಿಂದ ಮಂಗಳೂರು ರಸ್ತೆ ಹಿಡಿದು ದೋಣಿಗಾಲ್ ಕಡೆ ಸ್ವಲ್ಪ ದೂರ ಹೋದರೆ ಒಂದು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಕೋಟೆ. ಟಿಪ್ಪು 1792ರ ಹೊತ್ತಿಗೆ ಕಟ್ಟಿಸಿದ್ದು, ಫ್ರೆಂಚರ ಮಾದರಿಯದು. ಮೆಟ್ಟಿಲು ಹತ್ತುವಾಗ ಅಷ್ಟೇನೂ ಗೊತ್ತಾಗುವುದಿಲ್ಲ. ಮೇಲಿನಿಂದ ತೆಗೆದ ಚಿತ್ರ ನೋಡಿದರೆ ಎಂಟು ಮೂಲೆಯ ನಕ್ಷತ್ರ, ಯಾರೋ ದೊಡ್ಡ ಹೆಂಗಸು ಗುಡ್ಡದ ಮೇಲೆ ಬಿಟ್ಟ ರಂಗೋಲಿಯ ಹಾಗೆ. ಗೋಡೆಗೆ ಹತ್ತುವ ಶತ್ರುವನ್ನು ಪಕ್ಕದ ಮೂಲೆಯಿಂದ ಹೊಡೆಯಲಿಕ್ಕಾಗಿ ಆ ಆಕಾರ. ಬಂದೂಕು ತೂರಿಸಲು ಗೋಡೆಯುದ್ದಕ್ಕೂ ಕಿಂಡಿ, ಸುತ್ತ ಕಂದಕ, ಒಳಗೆ ಮದ್ದಿನ ಮನೆ, ನಡುವೆ ಮೆಟ್ಟಿಲಿಳಿದು ಹೋಗುವ ನೀರಿನ ಕೊಳ. ಮದ್ದಿನ ಮನೆಯೊಳಗೆ ಮಧ್ಯಾಹ್ನವೂ ತಂಪು. ಅಳಿಯನ ಕಣ್ಣು ಅರಳಿತು. "ಇದು ಮಾವ ಜಾಗ ಅಂದ್ರೆ!"

ಕೋಟೆ ಮುಗಿದ ಮೇಲೆ ಟಿಪ್ಪು ನೋಡಲು ಬಂದಾಗ ಎಲ್ಲೆಲ್ಲೂ ಮಂಜು ಕವಿದಿತ್ತೆಂದು ನಮ್ಮ ಕಡೆ ಹೇಳುತ್ತಾರೆ. ನಾವು ಹೋದ ದಿನವೂ ಅದೇ ಕತೆ. ಹತ್ತು ಮಾರು ಆಚೆ ಯಾರೋ ಹುಡುಗಿ "ಸೆಲ್ಫಿ ತೆಗಿ" ಎನ್ನುವುದು ಕೇಳಿಸುತ್ತಿತ್ತು, ಹುಡುಗಿ ಕಾಣುತ್ತಿರಲಿಲ್ಲ. ಕಾವಲು ಕಾಯುವವನ ಪಾಡು ಯೋಚಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಂಡಿಯಲ್ಲಿ ಬಂದೂಕಿಟ್ಟು ಅವನು ಕಾದದ್ದು ಬಿಳಿಯ ಗೋಡೆಯನ್ನು.

ತಮಾಷೆ ಅದಲ್ಲ. ಮಂಗಳೂರು ಕಡೆಯಿಂದ ಘಾಟಿ ಹತ್ತಿ ಬರುವ ಶತ್ರುವನ್ನು ತಡೆಯಲು ಈ ಕೋಟೆ. 1799ರಲ್ಲಿ ಶತ್ರು ಬಂದ, ಆದರೆ ಒಂದು ಸೈನ್ಯ ಮದ್ರಾಸಿನ ಕಡೆಯಿಂದ, ಇನ್ನೊಂದು ಕಣ್ಣೂರಿನಿಂದ ಕೊಡಗಿನ ಮೂಲಕ. ಎರಡೂ ಮಂಜರಾಬಾದಿನ ದಾರಿಗೆ ಬರಲೇ ಇಲ್ಲ. ಇಷ್ಟು ಚೆಂದದ ಕೋಟೆಯನ್ನು ನೋಡಲು ಸಹ ತಿರುಗಲಿಲ್ಲ ಎಂದರೆ ಕಟ್ಟಿದವರಿಗೆ ಎಷ್ಟು ನೋವಾಗಿರಬೇಡ!

ಆ ವರ್ಷದ ಮೇ 4ರಂದು ಶ್ರೀರಂಗಪಟ್ಟಣ ಬಿತ್ತಲ್ಲ, ಅದೇ ಈ ಸೀಮೆ ಕಂಡ ಅಸಲಿ ರಾಜ್ಯಪತನ. ನಿನ್ನೆಯ ಹುಕುಂ ಇವತ್ತು ನಡೆಯುವುದಿಲ್ಲ. ಅಮಲ್ದಾರ ಯಾರು, ಕಂದಾಯ ಯಾರಿಗೆ, ಯಾರಿಗೂ ಗೊತ್ತಿಲ್ಲ. ಅಳಿಯನ ಪುಸ್ತಕಗಳಲ್ಲಿ ಬರುವ ದಿನ ಅದೇ. ಆಗ ನಮ್ಮ ಐಗೂರಿನ ಪಾಳೆಯಗಾರ ಮಾಡಿದ್ದೂ ಪುಸ್ತಕದಲ್ಲಿ ಹೇಳಿದ್ದನ್ನೇ: ಅರಕೆರೆಯ ಕಾಡು ಸೇರಿಕೊಂಡ. ಬಲಂ ಸೀಮೆಯ ಹಳೆಯ ಮನೆತನದವನು, ಕಾಡು ಅವನಿಗೆ ಹಿತ್ತಲು. ಬಿದಿರಮೆಳೆ, ಮುಳ್ಳುಬೇಲಿ, ಒಡ್ಡು, ಕಂದಕ. ಬಿಸಿಲೆ ಘಾಟಿಯಲ್ಲಿ ಕರಾವಳಿಗೆ ಹೋಗುವ ದಾರಿಯೂ ಅವನ ಕೈಯಲ್ಲಿ. 1800ರಲ್ಲಿ ಕಂಪನಿಯ ಸೈನ್ಯ ಬಂದು ಪೆಟ್ಟು ತಿಂದಿತು. ಕಂಪನಿಯ ದಂಡಿನ ಮುಖಂಡ ಆರ್ಥರ್ ವೆಲ್ಲೆಸ್ಲಿಗೆ ಆ ವರ್ಷ ಉತ್ತರದಲ್ಲಿ ದೋಂಡಿಯಾ ವಾಘನೆಂಬ ಬಂಡುಕೋರನ ಬೆನ್ನುಹತ್ತುವ ಕೆಲಸವಿತ್ತು. ಅಂತೂ ಪಾಳೆಯಗಾರನಿಗೆ ಎರಡು ವರ್ಷದಷ್ಟು ಕಾಲ ಸಿಕ್ಕಿತು.

ಮುಂದಿನದನ್ನು ಕೇಳಿ ಅಳಿಯ ಸುಮ್ಮನಾದ. 1802ರ ಜನವರಿಯಲ್ಲಿ, ಮಳೆಯೂ ಇಲ್ಲ, ಜಿಗಣೆಯೂ ಇಲ್ಲ ಎನ್ನುವ ಕಾಲ ನೋಡಿ, ವೆಲ್ಲೆಸ್ಲಿ ತಾನೇ ಬಂದ. ಬೇರೆ ಬೇರೆ ದಿಕ್ಕಿನಿಂದ ಒಮ್ಮೆಗೇ ನುಗ್ಗಿ ಅರಕೆರೆ ಹಿಡಿದ. ಪಾಳೆಯಗಾರ ತಪ್ಪಿಸಿಕೊಂಡ. ವೆಲ್ಲೆಸ್ಲಿ ಅವನ ಹಿಂದೆ ಮೆಳೆಮೆಳೆ ಓಡಲಿಲ್ಲ, ಕಾಡಿನಲ್ಲಿ ದಾರಿ ಕಡಿಸುತ್ತ ಕೂತ. ಹಳ್ಳಿಗಳ ಸುತ್ತಲಿನ ಬೇಲಿ, ಒಡ್ಡು ಕೀಳಿಸಿದ. ದಿವಾನ್ ಪೂರ್ಣಯ್ಯನವರ ಮೈಸೂರು ಕುದುರೆ ಸವಾರರು ಆ ದಾರಿಗಳಲ್ಲಿ ಓಡಾಡಿದರು. ಫೆಬ್ರವರಿಯಲ್ಲಿ ಪಾಳೆಯಗಾರ ಸಿಕ್ಕಿಬಿದ್ದ, ಗಲ್ಲಿಗೇರಿಸಿದರು. ಹದಿಮೂರು ವರ್ಷದ ಮೇಲೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ್ದು ಇದೇ ವೆಲ್ಲೆಸ್ಲಿ. ಆಗ ಅವನು ಡ್ಯೂಕ್ ಆಫ್ ವೆಲಿಂಗ್ಟನ್. ನಮ್ಮ ಕಡೆ ಜಿಗಣೆ ಕಚ್ಚಿಸಿಕೊಂಡಿದ್ದರೆ ಇನ್ನೂ ದೊಡ್ಡವನಾಗುತ್ತಿದ್ದ ಎಂದು ನನ್ನ ಅಭಿಪ್ರಾಯ.

"ಅವನಿಗೆ ಬ್ಯಾಕಪ್ ಇರ್ಲಿಲ್ಲ" ಎಂದ ಅಳಿಯ.

ಇತ್ತು ಕಣಪ್ಪ, ಕಾಡೇ ಬ್ಯಾಕಪ್ಪು. ಆದರೆ ಕಾಡಿನಲ್ಲಿ ಅಡಗಿದವನಿಗೂ ಉಪ್ಪು, ಅಕ್ಕಿ ಹಳ್ಳಿಯಿಂದಲೇ ಬರಬೇಕಲ್ಲ. ಹಳ್ಳಿ ಕೈತಪ್ಪಿದ ಮೇಲೆ ಎಷ್ಟು ದಟ್ಟ ಬಿದಿರಿದ್ದರೇನು? ಕಳಲೆ ಪಲ್ಯ ಎಷ್ಟು ದಿನ ತಿನ್ನುತ್ತೀಯ?

ಊಟದ ಮಾತು ಬಂತಲ್ಲ, ಅವನ ದಿನಸಿ ಪಟ್ಟಿಯ ಕತೆ ಹೇಳದಿದ್ದರೆ ನನ್ನವಳಿಗೆ ಅನ್ಯಾಯವಾಗುತ್ತದೆ. ಮೂಟೆಗಟ್ಟಲೆ ಪಾಲಿಶ್ ಅಕ್ಕಿ, ಗೋಧಿ ಹಿಟ್ಟು, ಡಬ್ಬಿ ಊಟ, ಹಾಲಿನ ಪುಡಿ, ಎಲ್ಲವನ್ನೂ ನೀಟಾಗಿ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ತುಂಬಿ ಉಗ್ರಾಣದಲ್ಲಿಟ್ಟು ಹೋದ. ಮೇ ತಿಂಗಳಲ್ಲಿ. ಆಗಸ್ಟಿನಲ್ಲಿ ಬಂದು ಮುಚ್ಚಳ ತೆಗೆದ. ಮಲೆನಾಡಿನ ಆಗಸ್ಟು ಎಂಥದೆಂದು ಬಯಲುಸೀಮೆಯವರಿಗೆ ಹೇಗೆ ಹೇಳುವುದು? ಗೋಡೆಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಮದುವೆ ಫೋಟೋದಲ್ಲಿ ನನ್ನ ಮುಖಕ್ಕೂ ಬೂಷ್ಟು. ಒಗೆದ ಬಟ್ಟೆ ಒಣಗುವುದಿಲ್ಲ, ನಾರತೊಡಗುತ್ತದೆ. ಡ್ರಮ್ಮಿನೊಳಗೆ ಗೋಧಿ ಹಿಟ್ಟು ಹಸಿರಾಗಿತ್ತು. ಅಕ್ಕಿಯಲ್ಲಿ ಹುಳಗಳು ಪ್ರಳಯದ ನಂತರದ ಸಮಾಜವನ್ನು ಆಗಲೇ ಸ್ಥಾಪಿಸಿಕೊಂಡಿದ್ದವು.

ನನ್ನವಳು ಏನೂ ಅನ್ನಲಿಲ್ಲ, ಅವನ ಕೈಹಿಡಿದು ಒಲೆಯ ಮೇಲಿನ ಅಟ್ಟ ತೋರಿಸಿದಳು. ಅಲ್ಲಿ ಹೊಗೆ ಕುಡಿದು ಕಪ್ಪಾದ ಕುಕ್ಕೆಗಳಲ್ಲಿ ಒಣಮೀನು, ಹಪ್ಪಳ, ಸಂಡಿಗೆ, ಬಾಳಕದ ಮೆಣಸು, ಬಿತ್ತನೆ ಬೀಜ. ಕೆಳಗೆ ಜಾಡಿಯಲ್ಲಿ ಉಪ್ಪಿನಲ್ಲಿಟ್ಟ ಮಾವಿನಕಾಯಿ, ಕೆಮ್ಮಣ್ಣು ಮೆತ್ತಿಟ್ಟ ಹಲಸಿನ ಬೀಜ. ಕಣಜದಲ್ಲಿ ಭತ್ತ, ಅಕ್ಕಿಯಲ್ಲ. ಹೊಟ್ಟು ಕಳಚಿದ ಮೇಲೆಯೇ ಹುಳದ ಕಾಟ ಹೆಚ್ಚು, ಅಲ್ಲಿಯವರೆಗೆ ದೇವರು ಹೊಲಿದುಕೊಟ್ಟ ಪ್ಯಾಕೆಟ್ಟು ಅದು. ಕೊಟ್ಟಿಗೆಯ ಮಗ್ಗುಲಿಗೆ ಸೂರಿನವರೆಗೆ ಸೌದೆ. ಇದನ್ನೆಲ್ಲ ಅವಳು ಲೋಕ ಮುಳುಗುತ್ತದೆಂದು ಮಾಡಿದ್ದಲ್ಲ. ಹೊಳೆ ತುಂಬಿ ದಾರಿ ಕಟ್ಟಿದರೆ, ಮರ ಬಿದ್ದು ವಾರಗಟ್ಟಲೆ ಕರೆಂಟಿಲ್ಲದಿದ್ದರೆ ಬೇಕಾಗುತ್ತದೆಂದು ಅವಳ ಅತ್ತೆ ಮಾಡುತ್ತಿದ್ದರು, ಅವರ ಅತ್ತೆಯೂ ಮಾಡುತ್ತಿದ್ದರು.

ಆಲೂರು ದಾಟಿ ಹಾಸನದ ರಾಗಿ ಸೀಮೆಗಿಳಿದರೆ ಹಗೇವು. ಗಟ್ಟಿ ನೆಲ ನೋಡಿ ತೋಡಿದ ಹೊಂಡ, ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ರಾಗಿ ತುಂಬಿ ಬಾಯಿ ಮೆತ್ತಿ ಮೇಲೆ ಮಣ್ಣೆಳೆದರೆ ವರ್ಷಗಳು ಕಳೆದರೂ ಕೆಡುವುದಿಲ್ಲ. ಮೇಲೆ ನಡೆದುಹೋದವನಿಗೆ ಕೆಳಗೆ ಒಂದೂರಿನ ಊಟ ಇದೆಯೆಂದು ತಿಳಿಯುವುದಿಲ್ಲ. ತೆರೆದ ಕೂಡಲೇ ಮಾತ್ರ ಇಳಿಯಬಾರದು. ಒಳಗೆ ಕೆಟ್ಟ ಗಾಳಿ. ದೀಪ ಇಳಿಬಿಟ್ಟು, ಅದು ಆರದಿದ್ದರೆ ಇಳಿಯಬೇಕು. ಹಗೇವಿಗಿಳಿದು ಸತ್ತವರ ಕತೆ ಹಳೆಯ ಊರುಗಳಲ್ಲೆಲ್ಲ ಇದೆ. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, 1876ರಿಂದ 78ರವರೆಗೆ, ಮೈಸೂರು ಸೀಮೆ ಲಕ್ಷಗಟ್ಟಲೆ ಜನರನ್ನು ಕಳೆದುಕೊಂಡಿತು. ಅಷ್ಟು ದೊಡ್ಡ ಬರದ ಮುಂದೆ ಹಗೇವಿನ ರಾಗಿ ಎಷ್ಟರದು!

ಕೂಡಿಟ್ಟದ್ದನ್ನು ಬಚ್ಚಿಡುವ ವಿದ್ಯೆಯೂ ಹಿರಿಯರಿಗೆ ಬರುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಂದ ಲೆವಿ ಆಮೇಲೂ ಆಗಾಗ ತಲೆಯೆತ್ತುತ್ತಿತ್ತು. ಬೆಳೆದ ಭತ್ತದಲ್ಲಿ ಸರ್ಕಾರಕ್ಕೆ ಇಷ್ಟು ಎಂದು ಅಳೆದುಕೊಡಬೇಕು. ಜೀಪು ತಿರುವಿನಲ್ಲಿ ಸದ್ದು ಮಾಡಿದರೆ ಸಾಕು, ಭತ್ತ ಹುಲ್ಲಿನ ಮೆದೆಯೊಳಗೆ ಹೋಗುತ್ತಿತ್ತಂತೆ. ಬಂದವರಿಗೆ ನಮ್ಮಜ್ಜಿ ಕಡುಬು, ಕೋಳಿಸಾರು ಬಡಿಸಿ, "ಈ ವರ್ಷ ಏನೂ ಬೆಳೀಲಿಲ್ಲ ಸ್ವಾಮಿ" ಎನ್ನುತ್ತಿದ್ದರಂತೆ. ಅವರೂ ಕಡುಬನ್ನು ಇನ್ನೆರಡು ಹಾಕಿಸಿಕೊಂಡು ನಂಬುತ್ತಿದ್ದರಂತೆ. ರಕ್ಷಣಾ ವ್ಯವಸ್ಥೆ ಎಂದರೆ ಅದು.

ನನ್ನ ಕಾಲಕ್ಕೆ ಬೀಗ. ಅಳಿಯನ ಒತ್ತಾಯಕ್ಕೆ ಗೇಟು ಬದಲಾಯಿಸಿದೆ. ಕಬ್ಬಿಣದ ದಪ್ಪ ಗೇಟು, ಕಾಂಕ್ರೀಟ್ ಕಂಬ, ಅಂಗೈ ಅಗಲದ ಬೀಗ. ಒಂದು ಸಂಜೆ ಸಂತೆ ಮುಗಿಸಿ ಸುರಿಯುವ ಮಳೆಯಲ್ಲಿ ಬಂದು ಜೇಬು ತಡಕಿದರೆ ಕೀಲಿ ಇಲ್ಲ. ಕೂಗಿದರೆ ಮಳೆ ಸದ್ದಿಗೆ ಮನೆಗೆ ಕೇಳದು. ನಾಯಿ ಒಳಗಿನಿಂದ ಬಂದು ನನ್ನನ್ನು ಗುರುತಿಸಿ ಬೊಗಳಿತು. ಆಳುಗಳ ಲೈನ್ ಮನೆಯ ಹುಡುಗ ಕೊಡೆ ಹಿಡಿದುಕೊಂಡು ಒಳಗಿನಿಂದಲೇ ಬಂದ. "ಸಾರ್, ಆ ಹಲಸಿನ ಮರದ ಹತ್ರ ಬೇಲಿ ಇಲ್ವಲ್ಲ, ಅಲ್ಲಿಂದ ಬರಬಾರ್ದಾ? ನಾವೆಲ್ಲ ಅಲ್ಲಿಂದ್ಲೇ ಬರೋದು" ಎಂದ. ಹದಿಮೂರನೆಯ ದಾರಿ. ಅಳಿಯನಿಗೆ ಫೋನು ಮಾಡಿ ಬರೆಸಿದೆ.

ಗೇಟಿನ ಕತೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಮಳೆಗಾಲದಲ್ಲಿ ಒಂದು ರಾತ್ರಿ ಒಂಟಿ ಸಲಗ ಬಂತು. ಹಲಸಿನ ಹಣ್ಣಿನ ವಾಸನೆ ಅದಕ್ಕೆ ಎರಡು ಗುಡ್ಡದಾಚೆಯಿಂದ ಸಿಗುತ್ತದೆ. ಬೆಳಿಗ್ಗೆ ನೋಡಿದರೆ ಒಂದು ಕಂಬ ಬುಡಸಮೇತ ಮಲಗಿತ್ತು, ಗೇಟು ಗದ್ದೆಯಲ್ಲಿತ್ತು. ಬೀಗಕ್ಕೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ, ಭದ್ರವಾಗಿ ಹಾಕಿಕೊಂಡೇ ಇತ್ತು.

ಆನೆಯ ವಿಷಯಕ್ಕೆ ಬಂದರೆ ನಮ್ಮ ಎರಡು ತಾಲ್ಲೂಕಿನವರಿಗೆ ನಗು ಬೇಗ ಆರಿಹೋಗುತ್ತದೆ. 2014, 15ರ ಸುಮಾರಿಗೆ ಆಲೂರು, ಸಕಲೇಶಪುರದ ಕಡೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ತೆರವಾದ ಜಾಗ ಬಹುಕಾಲ ತೆರವಾಗಿ ಉಳಿಯಲಿಲ್ಲ, ಬೇರೆಯವು ಬಂದವು. ಸೋಲಾರ್ ತಂತಿ ಎಳೆದರೆ ಮರ ತಳ್ಳಿ ತಂತಿಯ ಮೇಲೆ ಬೀಳಿಸಿ ದಾಟುತ್ತವೆ. ಕಂದಕ ತೋಡಿದರೆ ದಂಡೆ ಕುಸಿಸಿ ಇಳಿಯುತ್ತವೆ. ಅಳಿಯನ ಅಮೆರಿಕನ್ ಪುಸ್ತಕಗಳಲ್ಲಿ ಇಂಥ ಶತ್ರುವಿನ ಪ್ರಸ್ತಾಪವೇ ಇಲ್ಲ. ಎಂಟು ದಸರೆಗಳಲ್ಲಿ ಅಂಬಾರಿ ಹೊತ್ತ ಅರ್ಜುನ ಸತ್ತದ್ದು ನಮ್ಮ ಯಸಳೂರು ಬಳಿಯ ಕಾಡಿನಲ್ಲಿ, 2023ರ ಡಿಸೆಂಬರ್ 4ರಂದು, ಕಾಡಾನೆ ಹಿಡಿಯಲು ಹೋದಾಗ ಸಲಗದ ಜೊತೆ ಕಾದಾಡಿ. ಅವತ್ತು ನಮ್ಮೂರಿನಲ್ಲಿ, ಆನೆಯಿಂದ ಗದ್ದೆ ಕಳೆದುಕೊಂಡವರೂ ಅತ್ತರು. ಇದನ್ನು ಯಾವ ಲೆಕ್ಕಕ್ಕೆ ಬರೆಯುವುದೋ ನನಗೆ ತಿಳಿಯದು.

ಈಗ ಆನೆ ಎಲ್ಲಿದೆಯೆಂದು ಮೊಬೈಲಿಗೆ ಸಂದೇಶ ಬರುತ್ತದೆ. ಒಳ್ಳೆಯ ವ್ಯವಸ್ಥೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ಬಂಡೆಯ ಬಳಿ. ಅಲ್ಲಿಗೆ ಹೋಗಿ ನೋಡಿದರೆ, ಆನೆಗಳು ಗುಡ್ಡದ ಮೇಲಿನ ಬಂಡೆಯ ಬಳಿ ಇವೆ ಎಂದು ಬಂದಿರುತ್ತದೆ.

"ಕೋವಿ ಇದೆಯಲ್ಲ ಮಾವ" ಎಂದ ಅಳಿಯ. ಇದೆ. ಬೆಳೆ ರಕ್ಷಣೆಗೆಂದು ಅಪ್ಪನ ಕಾಲದ ಲೈಸೆನ್ಸು, ಒಂಟಿ ನಳಿಗೆ. ಆದರೆ ಪಂಚಾಯ್ತಿಯಿಂದ ಪಾರ್ಲಿಮೆಂಟಿನವರೆಗೆ ಯಾವ ಚುನಾವಣೆ ಬಂದರೂ ಅದನ್ನು ಠಾಣೆಗೆ ಒಯ್ದು ಒಪ್ಪಿಸಿ ರಸೀದಿ ತರಬೇಕು. ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ನಮ್ಮ ಚುನಾವಣೆಗಳ ಲೆಕ್ಕ ನೋಡಿದರೆ ಕೋವಿ ಮನೆಗಿಂತ ಹೆಚ್ಚು ಠಾಣೆಯಲ್ಲೇ ಇದೆ. ಲೋಕ ಮುಳುಗುವ ದಿನ ಅದು ನನ್ನ ಕೈಯಲ್ಲಿರುತ್ತದೆಂದು ಯಾವ ಧೈರ್ಯದಲ್ಲಿ ಹೇಳಲಿ? ರಸೀದಿ ತೋರಿಸಿ ಹೆದರಿಸಬಹುದು.

ಒಂದು ಸಣ್ಣ ತಾಲೀಮು ಆಗಲೇ ಆಗಿದೆ, ನಿಮಗೂ ಗೊತ್ತು. 2020ರ ಮಾರ್ಚಿನಲ್ಲಿ ದೇಶಕ್ಕೆ ಬೀಗ ಬಿದ್ದಾಗ ರಾಜ್ಯದ ಎಷ್ಟೋ ಊರುಗಳವರು ದಾರಿಗೆ ಮುಳ್ಳು ಎಳೆದರು, ಕೆಲವರು ರಸ್ತೆಯನ್ನೇ ಅಗೆದರು. ನಮ್ಮೂರ ಹುಡುಗರೂ ಸೇತುವೆ ಹತ್ತಿರ ಬಿದಿರು ಅಡ್ಡ ಕಟ್ಟಿ ಪಾಳಿಯ ಮೇಲೆ ಕಾವಲು ನಿಂತರು. ಹೊರಗಿನವರು ಒಬ್ಬರೂ ಬರಬಾರದು. ಮೊದಲ ದಿನ ಹಾಲಿನ ವ್ಯಾನಿಗೆ ಬಿದಿರು ಎತ್ತಿದರು. ಎರಡನೆಯ ದಿನ ಬಸುರಿ ಮಗಳನ್ನು ಕರೆತಂದವರಿಗೆ ಎತ್ತಿದರು. ಆಮೇಲೆ ಬೆಂಗಳೂರಿನಿಂದ ಕಾವಲು ಹುಡುಗರ ಅಣ್ಣಂದಿರೇ ಬೈಕಿನಲ್ಲಿ ಬರತೊಡಗಿದರು. ವಾರ ಕಳೆಯುವುದರೊಳಗೆ ಬಿದಿರು ಎತ್ತುವುದೇ ಕೆಲಸವಾಗಿ, ಅದನ್ನು ಪಕ್ಕಕ್ಕಿಟ್ಟು ಅದರ ಮೇಲೆ ಕೂತು ಇಸ್ಪೀಟು ಆಡಿದರು. ನನಗೇನೋ ಅದು ಸೋಲು ಅನ್ನಿಸಲಿಲ್ಲ.

ಅದಕ್ಕೂ ಮೊದಲು, 2018ರ ಆಗಸ್ಟಿನಲ್ಲಿ, ಇದರ ಉಲ್ಟಾ ಆಗಿತ್ತು. ಶಿರಾಡಿ ಘಾಟಿ ಕುಸಿಯಿತು, ರೈಲು ಹಳಿಯ ಮೇಲೆ ಗುಡ್ಡ ಬಂದು ಕೂತಿತು. ಯಾರೂ ಬರದಂತೆ ಪ್ರಕೃತಿಯೇ ನೋಡಿಕೊಂಡಿತು, ಅಳಿಯ ಬಯಸುವ ಸ್ಥಿತಿ ಪುಕ್ಕಟೆ ಸಿಕ್ಕಿತು. ಆಗ ನಾವು ಮಾಡಿದ್ದೇನು? ಕತ್ತಿ, ಗರಗಸ, ಹಾರೆ ಹಿಡಿದು ಊರಿನವರೆಲ್ಲ ಸೇರಿ ನಮ್ಮ ದಾರಿಗೆ ಬಿದ್ದ ಮರ, ಮಣ್ಣು ಬಿಡಿಸಿದೆವು. ಪಕ್ಕದ ತೋಟದ ಅಣ್ಣಯ್ಯನಿಗೂ ನನಗೂ ನೀರಿನ ಕಾಲುವೆ ವಿಷಯಕ್ಕೆ ಮಾತು ನಿಂತು ಬಹಳ ಕಾಲವಾಗಿತ್ತು. ದಿಮ್ಮಿಯ ಆ ತುದಿ ಅವನು ಹಿಡಿದ, ಈ ತುದಿ ನಾನು. "ಎತ್ತು" ಎಂದ. ಎತ್ತಿದೆ. ಕಾಲುವೆಯ ತಕರಾರು ಇನ್ನೂ ಇದೆ, ಈಗ ಮಾತಾಡಿಕೊಂಡೇ ಜಗಳವಾಡುತ್ತೇವೆ.

ಅಳಿಯ ಈಗಲೂ ಪಟ್ಟಿ ತಿದ್ದುತ್ತಲೇ ಇದ್ದಾನೆ. ಕಳೆದ ಸಲ ಬಂದಾಗ ಆಳು ಸಿಗದೆ ಕಾಫಿ ಹಣ್ಣು ಗಿಡದಲ್ಲೇ ಒಣಗುತ್ತಿತ್ತು. ಮೊದಲು ಬಯಲುಸೀಮೆಯಿಂದ ಬರುತ್ತಿದ್ದವರು ಈಗ ಬರುವುದಿಲ್ಲ. ಅಸ್ಸಾಮಿನಿಂದ ಬಂದಿದ್ದವರು ತಮ್ಮೂರಿನ ಹಬ್ಬಕ್ಕೆಂದು ಹೋಗಿ ಇನ್ನೂ ತಿರುಗಿ ಬಂದಿರಲಿಲ್ಲ. ಅವನು ಅದನ್ನೆಲ್ಲ ಗಮನಿಸದೆ ಜಗಲಿಯಲ್ಲಿ ನಕ್ಷೆ ಹರಡಿಕೊಂಡು, ಕೆಟ್ಟ ಕಾಲ ಬಂದರೆ ನಗರದಿಂದ ಇಲ್ಲಿಗೆ ಎಷ್ಟು ಜನ ನುಗ್ಗಬಹುದು, ಅವರನ್ನು ಯಾವ ತಿರುವಿನಲ್ಲಿ ತಡೆಯಬೇಕು ಎಂದು ವಿವರಿಸುತ್ತಿದ್ದ. ನೂರಾರು ಜನ ಬರಬಹುದಂತೆ. ನನ್ನವಳು ಒಳಗಿನಿಂದ ಬುಟ್ಟಿ ತಂದು ಅವನ ನಕ್ಷೆಯ ಮೇಲಿಟ್ಟಳು.

"ತಡೀಬ್ಯಾಡಪ್ಪ. ಡಿಸೆಂಬರ್ ಒಳಗೇ ಬರೋ ಹಂಗೆ ನೋಡ್ಕೋ. ನೀನೂ ಏಳು, ಆ ಕೆಳಗಿನ ಪಟ್ಟೆಯಿಂದ ಶುರು ಮಾಡು."